ಬಿರುಗಾಳಿಗೆ ಬಂದ ದೋಣಿಗಳ ಷರಾ

ಅಕ್ಟೋಬರ್ 9, ಗುರುವಾರ

ಬದುಕಿದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ಎರಡು ದಿನದಿಂದ ಗಾಳಿ ಹುಚ್ಚು ಹಿಡಿದ ಹಾಗೆ ಬೀಸಿತ್ತು. ತಮ್ಮನ ದೋಣಿಯೊಂದನ್ನು ಬಿಟ್ಟು ಮಿಕ್ಕವೆಲ್ಲ ದಡ ಸೇರಿದ್ದವು. ಇವತ್ತು ಮಧ್ಯಾಹ್ನ ನಮ್ಮ ವೈರ್‌ಲೆಸ್ಸಿನವನು ಏದುಸಿರು ಬಿಡುತ್ತಾ ಬಂದು, "ಅಕ್ಕಾ, ಆಚೆ ದಡದಲ್ಲಿದ್ದಾರೆ! ಆರು ಜನಾನೂ ಇದ್ದಾರೆ. ಇಂಜಿನ್ ಕೆಟ್ಟು ಅವರ ಬಂದರಿಗೆ ನುಗ್ಗಿದ್ದಾರೆ" ಎಂದ. ಅವನಿಗೆ ನನ್ನ ಪಾಲಿನ ಚಹಾ ಕೊಟ್ಟೆ. ಕಚೇರಿಯ ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರಿಗೂ ನನ್ನ ಚಹಾ ಕೊಟ್ಟವಳಲ್ಲ.

ಆಚೆ ದಡ ಅಂದರೆ ಬೇರೆ ದೇಶ, ನಡುವೆ ಅರ್ಧ ದಿನದ ಕಡಲು. ಅಲ್ಲಿಯವರ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮವರ ಬಲೆ ಕೊಯ್ಯುತ್ತಾರೆ, ಕೇಳಿದರೆ ನಗುತ್ತಾರೆ, ದೋಣಿಗೆ ಬಳಿಯುವ ಹಳದಿ ಬಣ್ಣವಂತೂ ಕಣ್ಣಿಗೆ ಹೊಡೆಯುತ್ತದೆ. ಆದರೆ ಗಾಳಿ ಎದ್ದಾಗ ಅವರು ನಮ್ಮಲ್ಲಿಗೆ ಬರುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ಹಳೇ ಕಟ್ಟೆಗೆ ದೋಣಿ ಕಟ್ಟಿಸಿ, ಕುಡಿಯುವ ನೀರು ಕೊಟ್ಟು, ಗಾಳಿ ನಿಂತ ಮೇಲೆ ಬಿಟ್ಟುಕೊಡುವುದು, ಅಷ್ಟೆ. ನಾನು ಈ ಬಂದರು ಕಚೇರಿಗೆ ಹೆಡ್ ಕ್ಲಾರ್ಕ್ ಆಗಿ ಬರುವ ಮೊದಲಿನಿಂದಲೂ ಹೀಗೇ ನಡೆದಿದೆ.

ಶನಿವಾರದೊಳಗೆ ಬಂದಾನು. ಬೈಯಬೇಕಾದ್ದನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೇನೆ.

ಅಕ್ಟೋಬರ್ 12, ಭಾನುವಾರ

ಬರಲಿಲ್ಲ. ಹಿಡಿದಿಟ್ಟಿದ್ದಾರೆ.

ಅಲ್ಲಿ ಕರಾವಳಿ ಕಾವಲಿಗೆ ಹೊಸ ಅಧಿಕಾರಿ ಬಂದಿದ್ದಾನಂತೆ. "ಒಳಗೆ ಬರೋಕೆ ಅಪ್ಪಣೆ ಎಲ್ಲಿ?" ಎಂದು ಕೇಳಿದನಂತೆ. ಆಳೆತ್ತರದ ಅಲೆಯಲ್ಲಿ, ಕೆಟ್ಟ ಇಂಜಿನ್ನು ಇಟ್ಟುಕೊಂಡು ಅಪ್ಪಣೆ ಬೇಡಲು ಯಾರ ಬಾಗಿಲು ತಟ್ಟಬೇಕಿತ್ತೋ. ದೋಣಿಗೆ ಸರಪಳಿ, ಆರು ಜನಕ್ಕೆ ಲಾಕಪ್ಪು. ಇಪ್ಪತ್ತೆಂಟಕ್ಕೆ ಅಲ್ಲಿಯ ನ್ಯಾಯಾಧೀಶರ ಮುಂದೆ ವಿಚಾರಣೆ. ತಪ್ಪು ಅಂತ ಆದರೆ ಎರಡು ವರ್ಷ ಜೈಲು.

ತಮ್ಮನ ಹೆಂಡತಿ ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಬಂದಳು. "ಅತ್ತಿಗೆ, ನೀವು ಬಂದರು ಕಚೇರಿಯೋರು, ಏನಾದ್ರೂ ಮಾಡಿ" ಎಂದಳು. ಪಾಪ, ನಾನೇ ಸರ್ಕಾರ ಅಂದುಕೊಂಡಿದ್ದಾಳೆ. ನಾನು ರಿಜಿಸ್ಟರಿಗೆ ಗೆರೆ ಎಳೆಯುವವಳು. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನೈದು. ಅನ್ನ ಕಲಸಿ ತಿನ್ನಿಸಿದ್ದು, ಬೂಟಿನ ದಾರ ಕಟ್ಟಲು ಕಲಿಸಿದ್ದು, ಶಾಲೆಯಲ್ಲಿ ಹೊಡೆದಾಡಿ ಬಂದಾಗ ಇನ್ನೆರಡು ಬಾರಿಸಿದ್ದು ಎಲ್ಲ ನಾನೇ. ಎರಡು ವರ್ಷ ಅಂದರೆ ಎಷ್ಟು ದಿನ ಎಂದು ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಅಕ್ಟೋಬರ್ 14, ಮಂಗಳವಾರ

ರಾಜಧಾನಿಯಿಂದ ವಿದೇಶಾಂಗ ಇಲಾಖೆಯ ಕಾನೂನು ಅಧಿಕಾರಿ ಬಂದಿದ್ದಾಳೆ. ದೊಡ್ಡ ತಲೆ ಯಾರನ್ನೋ ಕಳಿಸುತ್ತಾರೆ ಅಂದುಕೊಂಡರೆ ಮೂವತ್ತು ದಾಟದ ಹುಡುಗಿ, ಬೆನ್ನಿಗೊಂದು ಚೀಲ. ನಾನು ಅವಳಿಗೆ ಕಾನೂನಮ್ಮ ಎಂದು ಹೆಸರಿಟ್ಟೆ. ಸಂಜೆಯೊಳಗೆ ಇಡೀ ಕಚೇರಿ ಹಾಗೇ ಕರೆಯುತ್ತಿತ್ತು, ಅವಳ ಎದುರಿಗೇ.

ಎರಡು ದೇಶಗಳ ನಡುವೆ ಬರೆದು ಸಹಿ ಹಾಕಿದ ಒಪ್ಪಂದಗಳನ್ನೆಲ್ಲ ಜಾಲಾಡಿ ಬಂದಿದ್ದಾಳೆ. ಅಂಚೆಗೆ ಒಂದು ಒಪ್ಪಂದ ಇದೆ, ಕಡಲ ತಳದ ತಂತಿಗೆ ಒಂದಿದೆ, ಆಲೂಗಡ್ಡೆಯ ರೋಗಕ್ಕೆ ಎಂಟು ಪುಟ ಇದೆ. ಮುಳುಗುವ ಮನುಷ್ಯನ ಬಗ್ಗೆ ಒಂದು ಸಾಲಿಲ್ಲ.

"ಹಾಗಾದ್ರೆ ಮುಗೀತು" ಎಂದೆ.

"ಮುಗೀಲಿಲ್ಲ ಮೇಡಂ. ದೇಶಗಳ ನಡುವಿನ ಕಾನೂನು ಬರೆದೇ ಆಗಬೇಕು ಅಂತಿಲ್ಲ. ಬಹಳ ಕಾಲದಿಂದ ಎರಡೂ ಕಡೆಯವರು ಒಂದೇ ಥರ ನಡ್ಕೊಂಡು ಬಂದಿದ್ರೆ ಅದೂ ಕಾನೂನೇ. ಬೇರೆ ಎಷ್ಟೋ ದೇಶಗಳೂ ಬಿರುಗಾಳಿಗೆ ಬಂದವರನ್ನ ಹೀಗೇ ಬಿಡ್ತಾವೆ. ಆದರೆ ಇವರು, ನಮ್ಮಿಬ್ಬರ ನಡುವೆ ಅಂಥದ್ದೇನೂ ಇಲ್ಲ ಅಂತಿದ್ದಾರೆ. ಇದೆ ಅಂತ ನಾವು ತೋರಿಸಬೇಕು."

"ಅಂದ್ರೆ ಚಾಳಿಯೇ ಕಾನೂನಾ?" ಎಂದು ನಕ್ಕೆ. ನಗುವ ಮನಸ್ಸೇನೂ ಇರಲಿಲ್ಲ, ಮೈ ಉರಿಯುತ್ತಿತ್ತು.

ಅವಳು ಬೇಸರಪಡಲಿಲ್ಲ. "ನಿಮ್ಮ ಕಟ್ಟಡದ ಮಹಡಿಯಲ್ಲಿ ಬಟ್ಟೆ ಒಣಗಿಸೋಕೆ ಹಗ್ಗ ಇದೆಯಾ?" ಎಂದು ಕೇಳಿದಳು. ಇದೆ. ಸೋಮವಾರ, ಗುರುವಾರ ನಮ್ಮದು. ಮಂಗಳವಾರ ಮೇಲಿನ ಮನೆಯವರದ್ದು. "ಯಾರು ಬರೆದಿದ್ದು ಅದನ್ನ?" ಯಾರೂ ಇಲ್ಲ. "ಮಂಗಳವಾರ ನೀವು ಯಾಕೆ ಹಾಕಲ್ಲ?" ಗುರುವಾರ ಆ ಮನೆಯಾಕೆ ನನ್ನ ಸೀರೆ ಕಿತ್ತೆಸೆದರೆ ಏನು ಗತಿ ಎಂದೆ. "ಅಷ್ಟೇನಾ?" ಎಂದು ಮತ್ತೆ ಕೇಳಿದಳು. ಯೋಚಿಸಿ, "ಮಂಗಳವಾರ ಅವಳದ್ದು, ಅದಕ್ಕೆ" ಎಂದೆ. ಕಾನೂನಮ್ಮ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಳ್ಳುವಂಥದ್ದು ಅದರಲ್ಲೇನಿತ್ತೋ.

ಸಂಜೆ ಮನೆಗೆ ಚಹಾಕ್ಕೆ ಕರೆದೆ. ತಮ್ಮನ ಮಗಳು ಹೋಮ್‌ವರ್ಕು ಬಿಟ್ಟು ಅವಳ ಬಾಯನ್ನೇ ನೋಡುತ್ತಾ ಕೂತಿತ್ತು. ಒಂಬತ್ತು ವರ್ಷ, ಬಾಯಿ ಮಾತ್ರ ನನ್ನದೇ. "ದೇಶಗಳಿಗೆ ಪೊಲೀಸ್ ಯಾರು?" ಎಂದು ಕೇಳಿತು.

"ಯಾರೂ ಇಲ್ಲ ಪುಟ್ಟಿ."

"ಮತ್ತೆ ಮಾತು ಯಾಕೆ ಕೇಳ್ತಾವೆ?"

"ಕೆಲವು ಸಲ ಕೇಳಲ್ಲ. ಬಹಳ ಸಲ ಕೇಳ್ತಾವೆ. ಅವರ ದೋಣಿಗಳೂ ಕಡಲಲ್ಲಿವೆಯಲ್ಲ."

ಮಗುವಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬಲ ಇದ್ದವನು ತನಗೆ ಬೇಕಾದ್ದು ಮಾಡುತ್ತಾನೆ, ಮಿಕ್ಕಿದ್ದೆಲ್ಲ ಪುಸ್ತಕದ ಬದನೆಕಾಯಿ.

ಅಕ್ಟೋಬರ್ 16, ಗುರುವಾರ

ಬಂದು ಹೋದ ದೋಣಿಗಳ ರಿಜಿಸ್ಟರುಗಳನ್ನೆಲ್ಲ ಕಪಾಟಿನಿಂದ ಇಳಿಸಿದೆವು. ಇಪ್ಪತ್ತೆರಡು ವರ್ಷದ್ದೂ ನನ್ನ ಕೈಬರಹ. ಒಂದಿಷ್ಟು ಹುಳ ತಿಂದಿದೆ, ಆದರೆ ಒಂದು ದಿನ ತಪ್ಪಿಲ್ಲ. ಬಿರುಗಾಳಿಗೆ ಬಂದ ಆಚೆಯವರ ದೋಣಿಗಳನ್ನು ಎಣಿಸಿದರೆ ನೂರ ನಲವತ್ಮೂರು. ಒಂದನ್ನೂ ನಾವು ಹಿಡಿದಿಟ್ಟಿಲ್ಲ. ಕಾನೂನಮ್ಮನ ಮುಖ ಅರಳಿತು. "ಮೇಡಂ, ಇದು ಚಿನ್ನ" ಎಂದಳು. ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ.

ಆಮೇಲೆ ಅವಳ ಬೆರಳು ಕೊನೆಯ ಕಾಲಮಿಗೆ ಹೋಯಿತು. ಅದು ಷರಾ ಕಾಲಮು, ಯಾಕೆ ಏನು ಎಂದು ಒಂದು ಮಾತು ಬರೆಯುವ ಜಾಗ. ಅಲ್ಲಿ ನಾನು ಬರೆದದ್ದು: "ಮಾನ್ಯ ಬಂದರು ಅಧಿಕಾರಿಗಳ ಕೃಪೆಯಿಂದ ಬಿಡಲಾಗಿದೆ." ಪುಟ ತಿರುಗಿಸಿದಳು, ಕೃಪೆ. ಇನ್ನೊಂದು, ಕೃಪೆ. ನೂರ ನಲವತ್ಮೂರು ಸಲವೂ ಕೃಪೆ.

ನಾನು ಸೇರಿದಾಗ ಇದ್ದ ಸಾಹೇಬರಿಗೆ ಹೊಗಳಿಕೆಯ ಹುಚ್ಚು. "ನನ್ನ ಕೃಪೆ ಅಂತ ಬರೀರಿ, ಚೆನ್ನಾಗಿ ಕಾಣುತ್ತೆ" ಎಂದಿದ್ದರು. ಅವರು ಎರಡೇ ವರ್ಷಕ್ಕೆ ನಿವೃತ್ತರಾಗಿ ಹೋದರು. ನನ್ನ ಕೈ ಮಾತ್ರ ಬರೆಯುತ್ತಲೇ ಇತ್ತು.

ಕಾನೂನಮ್ಮ ಕನ್ನಡಕ ತೆಗೆದು ಒರೆಸಿದಳು. "ಬರೀ ನಡ್ಕೊಂಡು ಬಂದರೆ ಸಾಲದು ಮೇಡಂ. ಹೀಗೆ ನಡ್ಕೊಳ್ಳಲೇಬೇಕು ಅಂದ್ಕೊಂಡು ನಡ್ಕೊಂಡಿರಬೇಕು. ಕೃಪೆ ಅಂದ್ರೆ, ಮನಸ್ಸಿದ್ರೆ ಬಿಡ್ತೀವಿ, ಇಲ್ಲದಿದ್ರೆ ಇಲ್ಲ ಅಂತ. ಅವರ ವಕೀಲ ಅದನ್ನೇ ಹಿಡ್ಕೋತಾನೆ. ನಮಗೆ ಈ ಸಲ ಮನಸ್ಸಿಲ್ಲ ಅಂತಾನೆ."

ಅಂದರೆ ತಮ್ಮನನ್ನು ಒಳಗೆ ಹಾಕಿದ್ದು ಆ ಅಧಿಕಾರಿ. ಹೊರಗೆ ಬರದ ಹಾಗೆ ಬೀಗ ಜಡಿದವಳು ನಾನು.

ಅಕ್ಟೋಬರ್ 17, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಹಳೇ ಅಚ್ಚಿನ ಮೂರು ಖಾಲಿ ರಿಜಿಸ್ಟರು ಕಪಾಟಿನ ತಳದಲ್ಲಿವೆ. ಸುಮ್ಮನೆ ಬರೆದಿಟ್ಟೆ.

ಅಕ್ಟೋಬರ್ 19, ಭಾನುವಾರ

ಖಾಲಿ ರಿಜಿಸ್ಟರೊಂದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೆ. ಬಾಗಿಲು ಹಾಕಿಕೊಂಡು, ಹಳೆಯದನ್ನು ನೋಡಿಕೊಂಡು, ಕೃಪೆ ಬಿಟ್ಟು ನಕಲು ಮಾಡಲು ಕೂತೆ. ಮೂರು ಸಾಲು ಬರೆದೆ. ಆಗಿನ ನನ್ನ ಅಕ್ಷರ ದುಂಡಗಿತ್ತು, ಈಗಿನದು ಕೋಳಿ ಕೆದರಿದ ಹಾಗೆ. ಹೊಂದಲೇ ಇಲ್ಲ. ಹರಿದು ಒಲೆಗೆ ಹಾಕಿದೆ. ಅಕ್ಷರ ಹೊಂದಲಿಲ್ಲ ಅಂತಲೇ ಹರಿದದ್ದು, ಬೇರೇನೂ ಅಲ್ಲ.

ನಾಳೆ ಕಾನೂನಮ್ಮನಿಗೆ ಎಲ್ಲ ಪುಟಗಳ ಪ್ರತಿಯನ್ನೂ ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ.

ಅಕ್ಟೋಬರ್ 21, ಮಂಗಳವಾರ

ಇವತ್ತು ಬೆಳಿಗ್ಗೆಯಿಂದ ಮತ್ತೆ ಗಾಳಿ. ಹತ್ತೂವರೆಗೆ ವೈರ್‌ಲೆಸ್ಸಿನವನು ಬಂದು ಬಾಗಿಲಲ್ಲಿ ನಿಂತ. ಓಡಿ ಬರಲಿಲ್ಲ. "ಅಕ್ಕಾ, ಒಂದು ದೋಣಿ ಒಳಗೆ ಬರಲಾ ಅಂತ ಕೇಳ್ತಿದೆ. ಹಳದಿ ಬಣ್ಣದ್ದು."

ನಾನು ಕಿಟಕಿಗೆ ಹೋಗಿ ನೋಡಿದೆ. ಅಲೆ ಅದನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಕೈಯಾಡಿಸಿ ಕರೆ ಎಂದೆ. ಗಾಳಿಯಲ್ಲಿ ನಿಂತು ಯೋಚನೆ ಮಾಡುವುದು ಯಾರಿಂದಾಗುತ್ತದೆ.

ನಾಲ್ಕು ಜನ, ಮುಖ್ಯಸ್ಥ ಒಬ್ಬ ಮುದುಕ. ನಮ್ಮ ಭಾಷೆ ಅಲ್ಲೊಂದು ಇಲ್ಲೊಂದು ಬರುತ್ತದೆ. ನಡುಗುತ್ತಿದ್ದರು. ಕಂಬಳಿ ಕೊಡಿಸಿದೆ, ಬಿಸಿ ಊಟ ಕೊಡಿಸಿದೆ. ನಗುಮುಖ ಮಾತ್ರ ಕೊಡಲಿಲ್ಲ.

ಅಕ್ಟೋಬರ್ 22, ಬುಧವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಗಾಳಿ ನಿಂತಿತ್ತು. ಕಚೇರಿಗೆ ಹೋಗುವಷ್ಟರಲ್ಲಿ ಗೇಟಿನಲ್ಲಿ ಐವತ್ತು ಜನ ದೋಣಿ ಮಾಲೀಕರು. ಮುಂದೆ ಮೈಕಾಸುರ, ಅವರ ಸಂಘದ ಕಾರ್ಯದರ್ಶಿ. ಅವನ ಗಂಟಲಿಗೆ ಮೈಕೇ ಬೇಕಿಲ್ಲ, ಆದರೂ ಹಿಡಿದಿರುತ್ತಾನೆ. "ಆರಕ್ಕೆ ನಾಲ್ಕು! ಇವರನ್ನ ಹಿಡ್ಕೊಳ್ಳಿ, ನಮ್ಮವರು ತಾನಾಗೇ ಬರ್ತಾರೆ!"

ಬಂದರು ಅಧಿಕಾರಿಗಳು, ನಮ್ಮ ದೊಡ್ಡವರು, ನನ್ನನ್ನು ಒಳಗೆ ಕರೆದರು. ಬೆವರುತ್ತಿದ್ದರು. "ನೋಡಿ, ನಿಮ್ಮ ತಮ್ಮನ ವಿಷಯ. ನೀವು ಹೇಗೆ ಹೇಳ್ತೀರೋ ಹಾಗೆ. ತಡೀರಿ ಅಂದ್ರೆ ಕಣ್ಮುಚ್ಚಿ ಸಹಿ ಹಾಕ್ತೀನಿ, ಬಿಡಿ ಅಂದ್ರೂ ಹಾಕ್ತೀನಿ" ಎಂದು ಎರಡು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟು, ಬಿಪಿ ತೋರಿಸಿಕೊಳ್ಳಲು ಹೋದರು. ಇಂಥವರಿಗೆ ಸರ್ಕಾರ ಜೀಪು ಬೇರೆ ಕೊಟ್ಟಿದೆ.

ಕಾನೂನಮ್ಮನಿಗೆ ಫೋನು ಹಚ್ಚಿದೆ. ಅವಳು ಆಗಲೇ ಆಚೆ ದಡಕ್ಕೆ ಹೊರಟಿದ್ದಳು. "ಏನು ಮಾಡಲಿ?" ಎಂದೆ. "ನಾನು ಹೇಳಬಾರದು ಮೇಡಂ. ನೀವು ಏನೇ ಮಾಡಿ, ಯಾಕೆ ಮಾಡಿದ್ರಿ ಅಂತ ನಿಜ ಬರೀರಿ" ಎಂದಳು. ಓದಿದವರ ಹತ್ತಿರ ಕೇಳಿದರೆ ಇಷ್ಟೇ.

ತಮ್ಮನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಅತ್ತಿಗೆ, ಬಿಟ್ಟುಬಿಡ್ತೀರಾ?"

"ಬಿಡಬೇಕಮ್ಮಾ."

"ಬಿಡಲೇಬೇಕು ಅಂತ ಯಾರು ಹೇಳಿದ್ರು?"

ಅವಳ ಕಣ್ಣು ನೋಡಲಾಗಲಿಲ್ಲ. "ಯಾರೂ ಹೇಳಿಲ್ಲ" ಎಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು.

ರಿಜಿಸ್ಟರು ತೆಗೆದೆ. ಷರಾ ಕಾಲಮಿಗೆ ಬಂದಾಗ ಕೈ ತನ್ನಷ್ಟಕ್ಕೆ 'ಕೃ' ಎಂದು ಬರೆದೇಬಿಟ್ಟಿತು, ಹಾಳಾದ್ದು. ಹೊಡೆದು ಹಾಕಿ ಬರೆದೆ: "ಬಿರುಗಾಳಿಗೆ ಬಂದ ದೋಣಿ. ತಡೆಯುವ ಹಕ್ಕು ನಮಗಿಲ್ಲ. ಬಿಡಲಾಗಿದೆ." ದೊಡ್ಡವರು ಸಹಿ ಹಾಕಿದ್ದ ಹಾಳೆಯಲ್ಲಿ ಅದನ್ನೇ ಬರೆದು, ಮೊಹರು ಒತ್ತಿ, ಮುದುಕನ ಕೈಗೆ ಕೊಟ್ಟೆ. ಅವನು ಅದನ್ನು ಮಡಿಸಿ ಟೋಪಿಯೊಳಗೆ ಇಟ್ಟುಕೊಂಡ. ಏನೋ ಹೇಳಲು ಬಾಯಿ ತೆಗೆದ. "ನಿಮ್ಮ ಹಗ್ಗ ಉಜ್ಜಿ ನಮ್ಮ ಕಂಬದ ಬಣ್ಣ ಹೋಗ್ತಿದೆ, ಬೇಗ ಹೊರಡಿ" ಎಂದು ಗದರಿದೆ.

ಗೇಟಿನಲ್ಲಿ ಮೈಕಾಸುರ ಅಡ್ಡ ನಿಂತ. "ಅಕ್ಕಾ, ಒಳಗಿರೋದು ನಿಮ್ಮ ತಮ್ಮ!"

"ಗೊತ್ತು ಕಣಯ್ಯಾ. ನಿನಗಿಂತ ಮೊದಲೇ ಗೊತ್ತು. ನಾಳೆ ನಿನ್ನ ದೋಣಿ ಇಂಜಿನ್ ಕೆಟ್ಟು ಆಚೆ ಹೋದ್ರೆ ಅಲ್ಲಿ ಯಾವ ಮೈಕು ಹಿಡ್ಕೊಂಡು ಕೂಗ್ತೀಯ? ನಾವು ಹಿಡಿದಿಟ್ಟಿದ್ದೀವಿ ಅಂತ ಅವರು ತೋರಿಸಿದ್ರೆ ನಿನ್ನ ಬಾಯಲ್ಲಿ ಏನಿರುತ್ತೆ, ಕಡಲೆಬೀಜವಾ?"

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅವನು ಮೈಕು ಇಳಿಸಿದ. ಹಳದಿ ದೋಣಿ ಹನ್ನೊಂದಕ್ಕೆ ಹೊರಟಿತು.

ಯಾಕೆ ಬಿಟ್ಟೆ ಎಂದರೆ, ಹಳೇ ಕಟ್ಟೆ ಖಾಲಿ ಬೇಕಿತ್ತು. ನಾಲ್ಕು ಜನಕ್ಕೆ ದಿನಾ ಊಟ ಎಲ್ಲಿಂದ ತರುವುದು. ಅವರ ಮೇಲೆ ನನಗೇನೂ ಪ್ರೀತಿ ಉಕ್ಕಿಲ್ಲ.

ಅಕ್ಟೋಬರ್ 25, ಶನಿವಾರ

ತಮ್ಮನ ಹೆಂಡತಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಮಗುವನ್ನು ಮಾತ್ರ ದಿನಾ ಕಳಿಸುತ್ತಾಳೆ. ಇವತ್ತು ಅದು, "ಅಮ್ಮ ನಿಮ್ಮ ಮೇಲೆ ಸಿಟ್ಟಾಗಿದ್ದಾಳೆ, ನಾನು ಇನ್ನೂ ಯೋಚನೆ ಮಾಡ್ತಿದ್ದೀನಿ" ಎಂದಿತು.

ಅಕ್ಟೋಬರ್ 28, ಮಂಗಳವಾರ

ಬಿಟ್ಟರು! ಬಿಟ್ಟರು, ಬಿಟ್ಟರು.

ಕಾನೂನಮ್ಮ ನಾಲ್ಕು ಗಂಟೆಗೆ ಫೋನು ಮಾಡಿದಳು. ಬೆಳಿಗ್ಗೆ ಅವರ ಸರ್ಕಾರದ ವಕೀಲ ನನ್ನ ಪುಟಗಳನ್ನು ಎತ್ತಿ ಹಿಡಿದು, ಕೃಪೆ, ಕೃಪೆ, ಕೃಪೆ ಎಂದು ಓದಿದನಂತೆ. ಅವರ ಅಧಿಕಾರಿಗಳು ನಕ್ಕರಂತೆ. ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾನೂನಮ್ಮ ಎದ್ದು, "ನಮ್ಮವರು ಬರೆದಿದ್ದು ನೋಡಿದ್ರಿ. ನಿಮ್ಮ ಬಂದರಿನ ರಿಜಿಸ್ಟರನ್ನೂ ತರಿಸಿ" ಎಂದಳಂತೆ. ವಕೀಲ ಬೇಕಿಲ್ಲ ಎಂದ. ಹಿಂದೆ ಕೋಣೆ ತುಂಬ ಅವರದೇ ದೋಣಿಯವರು, ಎಪ್ಪತ್ತು ಜನವಂತೆ. "ತರಿಸಿ, ತರಿಸಿ" ಎಂದು ಶುರು ಮಾಡಿದರಂತೆ. ನ್ಯಾಯಾಧೀಶರು ತರಿಸಿದರು.

ಅಲ್ಲಿಯ ಗುಮಾಸ್ತ ಬಂದ. ನಿವೃತ್ತಿಗೆ ಹತ್ತಿರವಾದ ಸಣಕಲು ಮನುಷ್ಯ, ತಳ್ಳುಗಾಡಿಯಲ್ಲಿ ರಿಜಿಸ್ಟರು ಹೇರಿಕೊಂಡು ತಾನೇ ತಳ್ಳಿಕೊಂಡು ಬಂದನಂತೆ. ಬಿರುಗಾಳಿಗೆ ಸಿಕ್ಕಿ ಅಲ್ಲಿಗೆ ಹೋದ ನಮ್ಮ ದೋಣಿಗಳು ನೂರ ಅರವತ್ತೊಂದು. ಪ್ರತಿಯೊಂದರ ಮುಂದೆಯೂ ಅವನು ಬರೆದದ್ದು: "ಎಂದಿನ ನಿಯಮದಂತೆ ಬಿಡಲಾಗಿದೆ."

"ಯಾವ ನಿಯಮ? ಎಲ್ಲಿ ಬರೆದಿದೆ?" ಎಂದು ನ್ಯಾಯಾಧೀಶರು ಕೇಳಿದರು.

"ಎಲ್ಲೂ ಬರೆದಿಲ್ಲ ಸ್ವಾಮಿ. ನಿಯಮ ಅಲ್ಲದೆ ಹೋಗಿದ್ರೆ ನಾನು ಪ್ರತಿ ಸಲ ಯಾಕೆ ಬಿಡ್ತಿದ್ದೆ? ನನಗೇನು ಅವರು ನೆಂಟರಾ?" ಎಂದನಂತೆ ಮಹಾಶಯ. ಅವನ ಬಾಯಿಗೆ ಸಕ್ಕರೆ ಹಾಕ.

ಊಟದ ನಂತರ ತೀರ್ಪು. ಬಿರುಗಾಳಿಗೆ ಬಂದವರು ಅಪ್ಪಣೆ ಕೇಳಬೇಕಿಲ್ಲ, ಇದು ಎರಡೂ ದಡದ ನಡುವೆ ನೆಲೆಯೂರಿದ ಕಾನೂನು ಎಂದು ಬರೆದಿದ್ದಾರೆ. ಇನ್ನು ಇದನ್ನು ಕಾಗದಕ್ಕಿಳಿಸಿ ಎರಡೂ ದೇಶ ಸಹಿ ಹಾಕುವ ಮಾತೂ ಶುರುವಾಗಿದೆಯಂತೆ. "ಆಲೂಗಡ್ಡೆಗಿಂತ ಒಂದು ಪುಟ ಜಾಸ್ತಿ ಬರೆಸಮ್ಮಾ" ಎಂದೆ. ಅವಳು ನಗುತ್ತಲೇ ಅಳುತ್ತಿದ್ದಳು, ಕೇಳಿಸಿತು.

ತಮ್ಮನ ಮನೆಗೆ ಓಡಿದೆ. ಈ ನೋಯುವ ಮಂಡಿ ಇಟ್ಟುಕೊಂಡು ಓಡಿದೆ. ಅವನ ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡು ತಬ್ಬಿಕೊಂಡಳು.

ಅಕ್ಟೋಬರ್ 30, ಗುರುವಾರ

ಬಂದ. ಗಡ್ಡ ಬಿಟ್ಟಿದ್ದಾನೆ, ಕೆನ್ನೆ ಒಳಗೆ ಹೋಗಿದೆ. ಜೋಡಿಸಿಟ್ಟ ಬೈಗುಳದಲ್ಲಿ ಮೊದಲನೆಯದನ್ನು ತೆಗೆಯುವಷ್ಟರಲ್ಲಿ, "ಅಕ್ಕಾ, ಹಸಿವು" ಎಂದ. ನಲವತ್ತು ವರ್ಷದ ಕತ್ತೆ. ಮೂರು ಸಲ ಬಡಿಸಿದೆ. ಮಗಳು ಅವನ ತೊಡೆ ಬಿಟ್ಟು ಇಳಿಯಲಿಲ್ಲ. ಆರು ಮನೆಗಳಲ್ಲೂ ಇವತ್ತು ಬಾಗಿಲು ತೆರೆದೇ ಇತ್ತು. ಎದೆಯ ಮೇಲಿನ ಕಲ್ಲು ಇಳಿಯಿತು. ನನ್ನ ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ಲ. ಮರಗಟ್ಟಿ ಹೋಗಿದ್ದೇನೋ ಏನೋ.

ನವೆಂಬರ್ 2, ಭಾನುವಾರ

ಮಧ್ಯಾಹ್ನ ತಮ್ಮ ಒಬ್ಬನೇ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತ.

"ಇಪ್ಪತ್ಮೂರಕ್ಕೆ ಒಬ್ಬ ಮುದುಕ ಲಾಕಪ್ಪಿಗೆ ಬಂದ. ನಮಗೆ ಬ್ರೆಡ್ಡು ತಂದಿದ್ದ. ನಿಮ್ಮೂರಲ್ಲಿ ನಮ್ಮನ್ನ ಬಿಟ್ಟುಕಳಿಸಿದ್ರು, ಅದಕ್ಕೆ ನಿಮ್ಮನ್ನ ನೋಡೋಕೆ ಬಂದೆ ಅಂದ. ಅಲ್ಲಿ ಕಚೇರೀಲಿ ಒಬ್ಬ ಹೆಂಗಸಿದ್ದಾಳೆ, ಕನ್ನಡಕ, ಮೂಗಿನ ತುದೀಲೇ ಸಿಟ್ಟು, ಊಟ ಕೊಟ್ಟಳು, ಹಗ್ಗಕ್ಕೂ ಬೈದಳು ಅಂದ. ನಾನು ನಕ್ಕುಬಿಟ್ಟೆ. ಅವಳು ನಮ್ಮಕ್ಕ ಅಂದೆ."

ನಾನು ಪಾತ್ರೆ ಉಜ್ಜುತ್ತಲೇ ಇದ್ದೆ.

"ಅವನು ನಂಬಲಿಲ್ಲ. ನೀನಿಲ್ಲಿ ಇರೋದು ಅವಳಿಗೆ ಗೊತ್ತಿತ್ತಾ ಅಂತ ಕೇಳಿದ. ಮೊದಲ ದಿನದಿಂದ ಗೊತ್ತು ಅಂದೆ. ಟೋಪಿಯಿಂದ ನಿನ್ನ ಚೀಟಿ ತೆಗೆದು ನನ್ನ ಕೈಲಿ ಓದಿಸಿದ. ಇನ್ನೊಂದು ಸಲ ಓದು ಅಂದ. ಓದಿದೆ. ಆಮೇಲೆ ಟೋಪಿ ಹಾಕ್ಕೊಂಡು ಎದ್ದು ಹೋದ. ದೋಣಿಯಿಂದ ದೋಣಿಗೆ ಹೋಗಿ ಎಲ್ಲರಿಗೂ ಹೇಳಿದನಂತೆ. ಕೋರ್ಟು ತುಂಬಿದ್ದು ಅದಕ್ಕೇ ಅಕ್ಕಾ."

ನಲ್ಲಿ ನಿಲ್ಲಿಸಿದೆ.

"ಅವನ ಹತ್ತಿರ ಒಂದು ಮಾತು ನೀನು ಯಾಕೆ ಹೇಳಲಿಲ್ಲ? ನನ್ನ ತಮ್ಮ ನಿಮ್ಮೂರ ಜೈಲಲ್ಲಿದ್ದಾನೆ, ಆದರೂ ಬಿಡ್ತಿದ್ದೀನಿ ಅಂತ?"

"ಹಾಗಂದಿದ್ರೆ ನಾನೇನೋ ಉಪಕಾರ ಮಾಡಿದ ಹಾಗಾಗ್ತಿತ್ತಲ್ಲೋ" ಎಂದೆ.

ಅವನು ಎದ್ದು ಬಂದು, ನನ್ನ ಒದ್ದೆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಇಷ್ಟು ದಿನ ಬಾರದೆ ಇದ್ದ ಅಳು ಆಗ ಬಂತು. ಅವನ ಭುಜಕ್ಕೆ ತಲೆಯಿಟ್ಟು, ಅಮ್ಮ ಹೋದಾಗ ಅವನ ಎದುರಿಗೆ ಅಳಬಾರದೆಂದು ತಡೆದುಕೊಂಡದ್ದನ್ನೂ ಸೇರಿಸಿ, ಮನಸಾರೆ ಅತ್ತುಬಿಟ್ಟೆ.